ಹದಿನೆಂಟು ಕುರ್ಚಿ

ನಲವತ್ತು ಕುರ್ಚಿ ಹಾಕಿದ್ದೆ ನಾನು, ಸಾಲು ನೆಟ್ಟಗೆ.
ಎಫಿ ಬಂದಳು. ಪ್ಲಾಸ್ಟಿಕ್ ಟೊಪ್ಪಿಗೆಯ ಮಳೆ ಕೊಡವಿ
ಮಾತಿಲ್ಲದೆ ಒಂದೊಂದೇ ಮಡಚತೊಡಗಿದಳು.
"ಹದಿನೆಂಟು ಸಾಕು.
ಖಾಲಿ ಕುರ್ಚಿ ಭಾಷಣ ಮಾಡುತ್ತೆ ಮಗೂ,
ನಮಗಿಂತ ಚೆನ್ನಾಗಿ ಮಾಡುತ್ತೆ.
ಹತ್ತೊಂಬತ್ತನೆಯವರು ಬಂದರೆ
ಎಲ್ಲರೆದುರಿಗೇ ಹೋಗಿ ಒಂದು ತಂದುಕೊಡು.
ಎತ್ತಬೇಡ, ಎಳೆ.
ಸದ್ದಾಗಲಿ."

ಗ್ಲಾಸ್ಗೋದ ಚರ್ಚು ಹಾಲು. ನವೆಂಬರ್. ನಾಲ್ಕಕ್ಕೇ ಕತ್ತಲು.
ಗೋಡೆಗೂ ಕಿವಿ ಇದೆ ಅನ್ನುತ್ತಾರಲ್ಲ,
ನಮ್ಮ ಗೋಡೆಗಳಿಗೆ ಕೆಮ್ಮೂ ಇತ್ತು.
ಮಂಚದ ಹಿಂದೆ, ಬೀರುವಿನೊಳಗೆ,
ಕೂಸಿನ ಕೋಟಿನ ತೋಳಲ್ಲಿ ಕಪ್ಪು ಬೂಷ್ಟು.
ಹನಿಗೂಡಿದರೆ ಹಳ್ಳ ಎಂಬುದು
ಏಳನೇ ಮಹಡಿಯ ಕಿಟಕಿಕಟ್ಟೆಯ ಮೇಲೆ
ದಿನಾ ಬೆಳಿಗ್ಗೆ ನಿಜವಾಗುತ್ತಿತ್ತು.

ಕೌನ್ಸಿಲ್ಲಿನಿಂದ ಕಾಗದ ಬಂತು:
ನೀವು ಉಸಿರಾಡುವುದೇ ಕಾರಣ,
ನೀರು ಕುದಿಸುವುದು, ಬಟ್ಟೆ ಒಣಹಾಕುವುದು ಕಾರಣ.
ಕಿಟಕಿ ತೆರೆದಿಡಿ.
ಎಫಿ ಎರಡು ಸಲ ಓದಿದಳು.
"ಇನ್ನು ಮೇಲೆ ಕಡಿಮೆ ಉಸಿರಾಡ್ತೀವಿ ಅಂತ ಬರೆದುಬಿಡೋಣವಾ?"
ನಕ್ಕದ್ದು ಮರ್ಡೋ ಒಬ್ಬನೇ. ಅವನ ನಗು
ಯಾವಾಗಲೂ ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ನನಗೋ ಹತ್ತೊಂಬತ್ತು. ಬಾವುಟ ಬೇಕಿತ್ತು.
ಮೆಗಾಫೋನು ಬೇಕಿತ್ತು, ಎಲ್ಲಾದರೂ ಒಂದು ಗಾಜು ಒಡೆಯಬೇಕಿತ್ತು.
ಅವಳು ಕೊಟ್ಟದ್ದು ಶಾಲೆಯ ನೋಟುಬುಕ್ಕು, ಪೆನ್ಸಿಲು.
"ಪೆನ್ನು ಬೇಡ, ಆ ಮನೆಗಳಲ್ಲಿ ಇಂಕು ಹರಡುತ್ತೆ."
ಬಾಗಿಲು ತಟ್ಟು. ಏನೂ ಹೇಳಬೇಡ, ಕೇಳು.
ಯಾವ ಕೋಣೆ, ಯಾವ ಮೂಲೆ, ಎಷ್ಟು ಗೇಣು,
ಯಾವ ಮಗು, ಎಷ್ಟು ರಾತ್ರಿ.
ಬರ್ತೀನಿ ಅಂದವರನ್ನು ಮೂರರಿಂದ ಭಾಗಿಸು.
ನೋಡೋಣ ಅಂದವರನ್ನು ಲೆಕ್ಕಕ್ಕೇ ತಗೋಬೇಡ.
ದಡಾರನೆ ಬಾಗಿಲು ಹಾಕಿಕೊಂಡವರ ಹತ್ತಿರ ಇನ್ನೊಮ್ಮೆ ಹೋಗು,
ಸಿಟ್ಟು ಇನ್ನೂ ಉಳಿದಿರೋದು ಅಲ್ಲೇ.

ಹಾಗೆ ಸಿಕ್ಕಳು ನಸೀಮ್ ಚೌಧರಿ,
ಒಂಬತ್ತನೇ ಮಹಡಿ, ಎರಡು ಸಲ ಬಾಗಿಲು ಹಾಕಿಕೊಂಡವಳು.
ಮೂರನೇ ಸಲ ಒಳಗೆ ಕರೆದು
ಗೋಡೆಕಾಗದದ ತುದಿ ಹಿಡಿದು ಎಳೆದಳು.
ಹಣ್ಣಿನ ಸಿಪ್ಪೆಯಂತೆ ಬಂತು, ಇಡೀ ಆಳುದ್ದ.
ಸುರುಳಿ ಸುತ್ತಿ, ದಾರ ಕಟ್ಟಿ
ಬಾಣಂತಿ ಕೂಸು ಕೊಟ್ಟ ಹಾಗೆ ನನ್ನ ತೋಳಿಗಿಟ್ಟಳು.
"ಇದನ್ನು ಓದಲಿ ಅವರು."

ಮೊದಲ ಸಭೆಗೆ ಬಂದದ್ದು ಐವರು.
ಅವರು ಕೋಟು ಬಿಚ್ಚಿ ಗೂಟಕ್ಕೆ ಹಾಕುವಷ್ಟರಲ್ಲಿ
ಎಫಿ ಹದಿಮೂರು ಕುರ್ಚಿ ಮಾಯ ಮಾಡಿದ್ದಳು.
ನಾವಿಬ್ಬರು ನಿಂತೇ ಇದ್ದೆವು.
ಟೀ ಸಾಲಲಿಲ್ಲ.
ಅದೂ ಅವಳದೇ ಹೂಟವೋ ಏನೋ, ಇವತ್ತಿಗೂ ನನಗೆ ಅನುಮಾನ.

ಫೆಬ್ರವರಿಗೆ ಸುರುಳಿಗಳು ಅರವತ್ತೆರಡು.
ಘೋಷಣೆಯಿಲ್ಲ. ಟೋಕನ್ ತಗೊಂಡು ಸರದಿಯಲ್ಲಿ ನಿಂತೆವು.
ಒಬ್ಬೊಬ್ಬರಾಗಿ ಗುಮಾಸ್ತನ ಮೇಜಿನ ಮೇಲೆ ಬಿಚ್ಚಿ,
"ಇದು ನನ್ನ ಉಸಿರು ಸಾರ್, ಎಲ್ಲಿಡಲಿ?"
"ಇದು ನನ್ನ ಮಗಳದು."
"ಇದು ನಮ್ಮದು, ಮೂವರದೂ ಸೇರಿ."
ಇಪ್ಪತ್ತನೆಯ ಸುರುಳಿಗೆ ಅವನು ಎದ್ದು ಹೋಗಿ
ಕಿಟಕಿ ತೆರೆದ.

ಗೆದ್ದೆವಾ?
ಉತ್ತರದ ಕಟ್ಟಡಕ್ಕೆ ಹೀಟರು ಬಂತು, ಹೊಸ ಗಾರೆ ಬಂತು.
ದಕ್ಷಿಣದ್ದಕ್ಕೆ ಒಂದು ಕಮಿಟಿ ಬಂತು.
ಮರ್ಡೋ ಇದ್ದದ್ದು ದಕ್ಷಿಣದ್ದರಲ್ಲಿ.
ಅವನನ್ನು ಮಣ್ಣು ಮಾಡಿ ಬಂದ ಸಂಜೆ
ಏನಾದರೂ ಹೇಳುತ್ತಾಳೆಂದು ಕಾದೆ.
ನೋಟುಬುಕ್ಕಿನ ಹೊಸ ಪುಟ ತೆರೆದಳು,
'ದಕ್ಷಿಣ' ಎಂದು ಬರೆದು ಕೆಳಗೊಂದು ಗೆರೆ ಎಳೆದಳು,
ಪೆನ್ಸಿಲನ್ನು ನನ್ನ ಕಡೆ ಉರುಳಿಸಿದಳು.

ಇವತ್ತೂ ಹದಿನೆಂಟೇ ಹಾಕಿದ್ದೇನೆ.
ಬೇರೆ ಹಾಲು, ಬೇರೆ ಬೂಷ್ಟು.
ಎಫಿಯ ವಯಸ್ಸು ಈಗ ನನಗೆ.
ಕುರ್ಚಿಗಳು ತುಂಬಿವೆ. ಬಾಗಿಲಲ್ಲಿ ಯಾರೋ
ಒದ್ದೆ ಕೊಡೆ ಹಿಡಿದು, ಬರಲೋ ಬೇಡವೋ ಎಂದು.
ಗೋಡೆಗೆ ಒರಗಿಸಿಟ್ಟ ರಾಶಿಯ ಕಡೆ ನಡೆಯುತ್ತೇನೆ.
ಎತ್ತುವುದಿಲ್ಲ.